ಮಗ ಜೊತೆಯಲ್ಲಿಯೇ ಇದ್ದಾನೆಂಬ ನಂಬಿಕೆ

ಪಾಸ್ಕಹಬ್ಬಕ್ಕೆಂದು ಜೆರುಸಲೇಮಿಗೆ ಹೋಗಿದ್ದ ನಜರೇತಿನ ಆ ಪವಿತ್ರ ಕುಟುಂಬ ಊರಿಗೆ ಮರಳುವಾಗ ಹನ್ನೆರಡು ವರ್ಷದ ಮಗ ಜೊತೆಗಿರಲಿಲ್ಲ. ಒಂದು ದಿನದ ಹಾದಿ ಸವೆಯುವ ತನಕ ಇದು ಮಾತೆ ಮರಿಯಮ್ಮನವರಿಗಾಗಲಿ ಸಂತ ಜೋಸೆಫರಿಗಾಗಲಿ ತಿಳಿಯಲಿಲ್ಲ. ಬಂಧುಬಳಗದ ಗುಂಪಿನಲ್ಲಿ ಎಲ್ಲಿಯೋ ಬರುತ್ತಿರಬಹುದೆಂದೇ ಅವರು ನಂಬಿದ್ದರು. ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಈ ಪ್ರಸಂಗವನ್ನು ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದಾಗಿ ನಾವು ಧ್ಯಾನಿಸುತ್ತೇವೆ. ಮೂರು ದಿನಗಳ ಬಳಿಕ ಮಗ ದೇವಾಲಯದಲ್ಲಿ ದೊರಕಿದ ಸಂತೋಷದ ಮೇಲೆಯೇ ನಮ್ಮ ಧ್ಯಾನ ನಿಲ್ಲುತ್ತದೆ. ಎಲ್ಲವೂ ಸರಿಯಾಗಿದೆಯೆಂದು ನಂಬಿ ನಡೆದ ಆ ಮೊದಲ ದಿನದ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ.

ಹದಿಹರೆಯದ ಮಕ್ಕಳಿರುವ ನಮ್ಮ ಬಹುತೇಕ ಮನೆಗಳು ಇಂದು ಆ ಮೊದಲ ದಿನದ ಪ್ರಯಾಣದಲ್ಲಿವೆ. ಮಗ ಕೋಣೆಯಲ್ಲಿದ್ದಾನೆ, ಬಾಗಿಲು ಮುಚ್ಚಿದೆ, ದೀಪ ಆರಿದೆ. ಕೆಟ್ಟ ಸಹವಾಸವಿಲ್ಲ, ಬೀದಿ ತಿರುಗುವ ಚಾಳಿಯಿಲ್ಲ, ಸಂಜೆ ಏಳರೊಳಗೆ ಮನೆ ಸೇರುತ್ತಾನೆ. ಇದಕ್ಕಿಂತ ಹೆಚ್ಚಿನದನ್ನು ಹೆತ್ತವರು ಏಕೆ ಬಯಸಬೇಕು? ಆದರೆ ಹೊದಿಕೆಯ ಅಡಿಯಲ್ಲಿ ಬೆಳಗುತ್ತಿರುವ ಅಂಗೈಯಗಲದ ಪರದೆಯ ಮೂಲಕ ಆತ ಯಾವ ಊರಿನಲ್ಲಿದ್ದಾನೆ, ಯಾರೊಡನೆ ಮಾತನಾಡುತ್ತಿದ್ದಾನೆ ಎಂಬುದು ಪಕ್ಕದ ಕೋಣೆಯಲ್ಲಿ ಮಲಗಿರುವ ತಾಯಿಗೆ ತಿಳಿಯದು.

ದೂರದರ್ಶನ ನಮ್ಮ ಮನೆಗಳನ್ನು ಪ್ರವೇಶಿಸಿದ ಕಾಲದಲ್ಲಿಯೂ ಇಂಥ ಆತಂಕ ನಮ್ಮಲ್ಲಿತ್ತು. 1987ರಲ್ಲಿ ರಾಮಾಯಣ ಧಾರಾವಾಹಿ ಭಾನುವಾರದ ಬೆಳಗನ್ನು ಆಕ್ರಮಿಸಿತು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಮೇಲೆ ಸಂಜೆಯ ತೇರ್ಸ್ ಮತ್ತು ಧಾರಾವಾಹಿಗಳ ನಡುವೆ ಪೈಪೋಟಿಯೇ ನಡೆಯಿತು. ಪ್ರಾರ್ಥನೆಯನ್ನು ಅರ್ಧ ಗಂಟೆ ಹಿಂದಕ್ಕೋ ಮುಂದಕ್ಕೋ ತಳ್ಳಿ ರಾಜಿ ಮಾಡಿಕೊಂಡ ಮನೆಗಳು ಅನೇಕ. ಆದರೂ ಟಿ.ವಿ. ಹಜಾರದಲ್ಲಿತ್ತು. ಅಜ್ಜಿ ನೋಡುತ್ತಿದ್ದುದನ್ನೇ ಮೊಮ್ಮಗಳೂ ನೋಡುತ್ತಿದ್ದಳು. ಅನುಚಿತವಾದ ದೃಶ್ಯ ಬಂದಾಗ ತಂದೆ ಕೆಮ್ಮಿದರೆ ಸಾಕು, ಯಾರಾದರೊಬ್ಬರು ಎದ್ದು ಚಾನೆಲ್ ಬದಲಿಸುತ್ತಿದ್ದರು. ಈಗ ಆ ಕೆಮ್ಮು ಕೇಳಿಸುವ ದೂರದಲ್ಲಿ ಯಾರೂ ಇಲ್ಲ. ಐದು ಜನರಿರುವ ಮನೆಯಲ್ಲಿ ಐದು ಪರದೆಗಳಿವೆ. ಅಷ್ಟೇ ಅಲ್ಲ, ಟಿ.ವಿ. ನಮಗೆ ತೋರಿಸುತ್ತಿತ್ತೇ ಹೊರತು ನಮ್ಮನ್ನು ನೋಡುತ್ತಿರಲಿಲ್ಲ. ಮೊಬೈಲಿನ ಆ್ಯಪ್‌ಗಳು ಮಗು ಯಾವ ಚಿತ್ರದ ಮುಂದೆ ಎಷ್ಟು ಕ್ಷಣ ನಿಂತಿತೆಂಬುದನ್ನೂ ಲೆಕ್ಕವಿಟ್ಟು, ಅಂಥದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತವೆ.

ಧರ್ಮಸಭೆ ಈ ವಿಷಯದಲ್ಲಿ ನಿದ್ರಿಸಿರಲಿಲ್ಲ. ಚಲನಚಿತ್ರಗಳ ಕುರಿತು ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು 1936ರಷ್ಟು ಹಿಂದೆಯೇ ವಿಶ್ವಪತ್ರ ಬರೆದರು. ಚಲನಚಿತ್ರ, ರೇಡಿಯೊ, ಟೆಲಿವಿಷನ್ ಮೂರನ್ನೂ ಕುರಿತು ಹನ್ನೆರಡನೆಯ ಪಿಯುಸ್‌ರವರು 1957ರಲ್ಲಿ ಬರೆದರು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಹೊರಡಿಸಿದ 'ಇಂತೆರ್ ಮಿರಿಫಿಕಾ' ಎಂಬ ಸಂಪರ್ಕ ಮಾಧ್ಯಮಗಳ ಆದೇಶಪತ್ರ, ಹಾನಿಕರವಾದುದು ಮನೆಯ ಹೊಸ್ತಿಲು ದಾಟದಂತೆ ಕಾಯುವುದು ಹೆತ್ತವರ ಗುರುತರ ಕರ್ತವ್ಯವೆಂದು ಸಾರಿತು. ನಮ್ಮ ಉಪದೇಶಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಅದೇ ಪರಿಚ್ಛೇದದಲ್ಲಿರುವ ಇನ್ನೊಂದು ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಯುವಜನರು ಮಿತಿಯನ್ನೂ ಆತ್ಮಸಂಯಮವನ್ನೂ ಸ್ವತಃ ರೂಢಿಸಿಕೊಳ್ಳಬೇಕು, ಕಂಡು ಕೇಳಿದ್ದನ್ನು ಗುರುಗಳೊಡನೆ, ತಿಳಿದವರೊಡನೆ ಚರ್ಚಿಸಿ ವಿವೇಚಿಸಲು ಕಲಿಯಬೇಕು ಎಂದು ಮಹಾಸಭೆಯ ಪಿತೃಗಳು ಅಲ್ಲಿ ಹೇಳಿದ್ದಾರೆ. ಕಾವಲು ಮತ್ತು ಮಾತುಕತೆ, ಇವೆರಡನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು. ನಾವು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟೆವು. ಈಗಂತೂ ಕಾವಲು ಕಾಯಲು ಹೊಸ್ತಿಲೇ ಉಳಿದಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟವರು ನಾವೇ. ಅಂದು ಬೇರೆ ದಾರಿಯಿರಲಿಲ್ಲ, ಪಾಠ ಅದರಲ್ಲಿಯೇ ಬರುತ್ತಿತ್ತು. ಶಾಲೆ ಮತ್ತೆ ತೆರೆಯಿತು, ಮೊಬೈಲು ಮಾತ್ರ ಕೈಯಲ್ಲಿಯೇ ಉಳಿಯಿತು. ಇದಕ್ಕಾಗಿ ಮಕ್ಕಳನ್ನು ದೂರುವುದು ನ್ಯಾಯವಲ್ಲ.

ದೂರಬೇಕಾದದ್ದು ನಮ್ಮನ್ನು, ಅದೂ ಇನ್ನೊಂದು ಕಾರಣಕ್ಕಾಗಿ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ವಾಟ್ಸಾಪ್ ಇವುಗಳಲ್ಲಿ ಖಾತೆ ತೆರೆಯಲು ಹದಿಮೂರು ವರ್ಷ ತುಂಬಿರಬೇಕೆಂಬ ನಿಯಮವಿದೆ. ಹನ್ನೊಂದು ವರ್ಷದ ಮಗಳು ಹಟ ಹಿಡಿದಾಗ ಜನ್ಮವರ್ಷವನ್ನು ಹತ್ತು ಹದಿನೈದು ವರ್ಷ ಹಿಂದಕ್ಕೆ ತಳ್ಳಿ ಖಾತೆ ತೆರೆದುಕೊಟ್ಟ ತಂದೆತಾಯಿಯರು ಎಷ್ಟು ಮಂದಿ! ಎಂಟನೆಯ ದೇವಾಜ್ಞೆಯನ್ನು ಬಾಯಿಪಾಠ ಮಾಡಿಸಿದ ಕೈಯೇ ಮೊಬೈಲಿನಲ್ಲಿ ಮೊದಲ ಸುಳ್ಳನ್ನು ಬರೆದುಕೊಡುತ್ತದೆ. ಇದು ಕೇವಲ ನೀತಿಯ ಮಾತಲ್ಲ, ಇದರಿಂದ ನೇರವಾದ ನಷ್ಟವೂ ಇದೆ. 2025ರ ಫೆಬ್ರವರಿಯಿಂದ ಇನ್‌ಸ್ಟಾಗ್ರಾಮ್ ಭಾರತದಲ್ಲಿಯೂ ಹದಿಹರೆಯದವರಿಗೆ ಪ್ರತ್ಯೇಕ ಬಗೆಯ ಖಾತೆಯನ್ನು ಜಾರಿಗೆ ತಂದಿದೆ. ಅದು ತಾನಾಗಿಯೇ ಖಾಸಗಿಯಾಗಿರುತ್ತದೆ, ಅಪರಿಚಿತರು ಸಂದೇಶ ಕಳುಹಿಸಲಾಗದು, ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಸೂಚನೆಗಳು ಮೌನವಾಗಿರುತ್ತವೆ, ಹದಿನಾರಕ್ಕಿಂತ ಕೆಳಗಿನವರು ಈ ಕಟ್ಟುಪಾಡನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಆದರೆ ಇದೆಲ್ಲ ದೊರಕುವುದು ಖಾತೆಯಲ್ಲಿ ನಿಜವಾದ ವಯಸ್ಸು ಬರೆದಿದ್ದಾಗ. ಇಪ್ಪತ್ತೈದು ವರ್ಷವೆಂದು ನಾವು ಬರೆಸಿದ ಬಾಲಕಿಯನ್ನು ಆ ವ್ಯವಸ್ಥೆ ಇಪ್ಪತ್ತೈದರ ಯುವತಿಯೆಂದೇ ಎಣಿಸಿ ಅಪರಿಚಿತರ ಮುಂದೆ ನಿಲ್ಲಿಸುತ್ತದೆ. ಮಕ್ಕಳ ಮಾಹಿತಿಯನ್ನು ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸಿದೆ. ಅಲ್ಲಿ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರಲಿವೆ. ಕಾನೂನು ಎಷ್ಟು ಬಿಗಿಯಾದರೂ ಮನೆಯೊಳಗಿನ ಈ ಸುಳ್ಳನ್ನು ಅದು ತಡೆಯಲಾರದು.

ಈಗ ಹೇಳಲು ಕಷ್ಟವಾದ ಮಾತಿಗೆ ಬರೋಣ. ಇದನ್ನು ಇಂಥ ಪುಟದಲ್ಲಿ ಬರೆಯಬೇಕೇ ಎಂದು ಕೆಲವರು ಮೂಗು ಮುರಿಯಬಹುದು. ಬರೆಯದಿರುವುದೇ ಮೋಸಗಾರರಿಗೆ ನಾವು ಮಾಡುವ ಉಪಕಾರವೆಂದು ತಿಳಿದು ಬರೆಯುತ್ತಿದ್ದೇವೆ.

ಪಿಯುಸಿ ಓದುವ ಹುಡುಗನಿಗೆ ಒಂದು ರಾತ್ರಿ ಅವನದೇ ವಯಸ್ಸಿನ ಹುಡುಗಿಯ ಚಿತ್ರವಿರುವ ಖಾತೆಯಿಂದ ಸ್ನೇಹದ ಕೋರಿಕೆ ಬರುತ್ತದೆ. ತನ್ನ ನಾಲ್ಕಾರು ಮಿತ್ರರು ಆ ಖಾತೆಗೆ ಆಗಲೇ ಸ್ನೇಹಿತರಾಗಿರುವುದನ್ನು ಕಂಡು ಆತ ಒಪ್ಪುತ್ತಾನೆ. ಮಾತು ಸಲಿಗೆಗೆ ತಿರುಗುತ್ತದೆ, ಬಳಿಕ ವಾಟ್ಸಾಪಿಗೋ ಟೆಲಿಗ್ರಾಮಿಗೋ ಹೊರಳುತ್ತದೆ, ಅಲ್ಲಿ ಚಿತ್ರದ ವಿನಿಮಯ ಅಥವಾ ವಿಡಿಯೊ ಕರೆ ನಡೆಯುತ್ತದೆ. ಅದು ಮುಗಿಯುತ್ತಲೇ ಹುಡುಗಿ ಮಾಯವಾಗಿ ಬೆದರಿಕೆ ಬರುತ್ತದೆ. ಹುಡುಗನ ಅಕ್ಕ, ಚಿಕ್ಕಪ್ಪ, ಧರ್ಮಕೇಂದ್ರದ ಯುವಸಂಘದ ಗೆಳೆಯರು, ಕಾಲೇಜಿನ ಉಪನ್ಯಾಸಕರು, ಇವರೆಲ್ಲರ ಹೆಸರಿರುವ ಪಟ್ಟಿಯನ್ನು ತೋರಿಸಿ, ಅರ್ಧ ಗಂಟೆಯೊಳಗೆ ಹಣ ಹಾಕದಿದ್ದರೆ ಎಲ್ಲರಿಗೂ ಕಳುಹಿಸುವುದಾಗಿ ಹೇಳಲಾಗುತ್ತದೆ. ಹುಡುಗನಿಗೆ ತಾಯಿಯ ಮೊಬೈಲಿನ ಯುಪಿಐ ಸಂಖ್ಯೆ ಗೊತ್ತು. ಎರಡು ಸಾವಿರ ಕಳುಹಿಸುತ್ತಾನೆ. ಹಣ ಕೊಡುವವನೆಂದು ತಿಳಿದ ಮೇಲೆ ಕೇಳುವವನು ನಿಲ್ಲಿಸುವುದುಂಟೇ? ಬೆಳಗಾಗುವಷ್ಟರಲ್ಲಿ ಬೇಡಿಕೆ ಐದು ಪಟ್ಟು ಏರಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಕೇಳುವುದು ಹಣವನ್ನಷ್ಟೇ ಅಲ್ಲ, ಇನ್ನಷ್ಟು ಚಿತ್ರಗಳನ್ನು. ಚಿತ್ರ ನಿಜವಾದದ್ದೇ ಆಗಿರಬೇಕೆಂದಿಲ್ಲ ಎಂಬುದು ಇತ್ತೀಚಿನ ಇನ್ನೊಂದು ಸಂಕಟ. ಹಬ್ಬದ ದಿನ ತೆಗೆದ ಒಂದು ಸಾಮಾನ್ಯ ಭಾವಚಿತ್ರದಿಂದ ಕೃತಕ ಬುದ್ಧಿಮತ್ತೆಯ ಸಾಧನಗಳು ನಗ್ನ ಚಿತ್ರವನ್ನು ಹುಟ್ಟಿಸಬಲ್ಲವು.

ಇದು ಎಲ್ಲ ಸಮುದಾಯಗಳಲ್ಲಿಯೂ, ಎಲ್ಲ ದೇಶಗಳಲ್ಲಿಯೂ ನಡೆಯುತ್ತಿರುವ ವಂಚನೆ. ಆದರೆ ವಂಚಕನ ಕೈಗೆ ಆಯುಧ ಕೊಡುವವರು ಯಾರೆಂಬುದನ್ನು ನಾವು ಕೇಳಿಕೊಳ್ಳಬೇಕು. ಅವನಿಗೆ ಬೇಕಾದದ್ದು ಚಿತ್ರವಲ್ಲ, ಮಗುವಿನ ಭಯ. ಆ ಭಯವನ್ನು ಹತ್ತು ಹದಿನೈದು ವರ್ಷಗಳಿಂದ ನಾವೇ ಬೆಳೆಸಿರುತ್ತೇವೆ. ಊರವರು ಏನೆನ್ನುತ್ತಾರೆ, ಇಗರ್ಜಿಯಲ್ಲಿ ಹೇಗೆ ಮುಖ ತೋರಿಸುವುದು, ಅಪ್ಪನಿಗೆ ತಿಳಿದರೆ ಕೊಂದೇ ಬಿಡುತ್ತಾರೆ ಎಂಬ ಮಾತುಗಳನ್ನು ಮಗು ನಮ್ಮ ಮನೆಗಳಲ್ಲಿಯೇ ಕೇಳಿ ಬೆಳೆದಿರುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಸಮುದಾಯ ನಮ್ಮದು. ಕಷ್ಟಕಾಲದಲ್ಲಿ ಆಸರೆಯಾಗುವ ಆ ಆತ್ಮೀಯತೆಯೇ ಇಂಥ ಗಳಿಗೆಯಲ್ಲಿ ಮಗುವನ್ನು ಮೂಲೆಗೊತ್ತುತ್ತದೆ. ಅಪರಿಚಿತನಿಗೆ ಹಣ ಕಳುಹಿಸುವುದು ತಂದೆಗೆ ಸತ್ಯ ಹೇಳುವುದಕ್ಕಿಂತ ಸುಲಭವೆಂದು ಮಗುವಿಗೆ ತೋರಿದರೆ ದೋಷ ಯಾರದು? ಹೇಳಲಾಗದೆ ಜೀವವನ್ನೇ ಕಳೆದುಕೊಂಡ ಮಕ್ಕಳ ಸುದ್ದಿಗಳನ್ನು ಪತ್ರಿಕೆಗಳಲ್ಲಿ ನಾವೆಲ್ಲರೂ ಓದಿದ್ದೇವೆ.

ಮಗು ಇದನ್ನು ಪಾಪವೆಂದು ಭಾವಿಸಿ ಪಾಪನಿವೇದನೆಗೆ ಹೋಗಬಹುದು. ಹೋಗಲಿ. ಆದರೆ ಆ ಸಂಸ್ಕಾರದ ಗೌಪ್ಯವನ್ನು ಗುರುಗಳು ಯಾವ ಕಾರಣಕ್ಕೂ ಮುರಿಯಲಾಗದು, ಆದ್ದರಿಂದ ಅಲ್ಲಿ ಹೇಳಿದ ಮಾತ್ರಕ್ಕೆ ಹೊರಗಿನ ನೆರವು ದೊರಕದು. ನಂಬಿಕೆಯ ಹಿರಿಯರೊಬ್ಬರಿಗೆ ಹೊರಗೆ ಬಂದು ತಿಳಿಸುವಂತೆ ಗುರುಗಳು ಧೈರ್ಯ ತುಂಬಬಹುದು. ಎಡವಿದ್ದು ಬೇರೆ, ಎಡವಿದವನನ್ನು ದೋಚಿದ್ದು ಬೇರೆ ಎಂಬುದನ್ನಂತೂ ಧರ್ಮೋಪದೇಶದ ತರಗತಿಯಲ್ಲಿ ಸ್ಪಷ್ಟವಾಗಿ ಕಲಿಸಬೇಕು. ತಾನು ತಪ್ಪು ಮಾಡಿದೆನಾದ್ದರಿಂದ ಈ ಹಿಂಸೆ ತನಗೆ ತಕ್ಕುದೇ ಎಂದು ನಂಬಿದ ಮಗು ಯಾರ ನೆರವನ್ನೂ ಕೇಳುವುದಿಲ್ಲ.

ಹಾಗಾದರೆ ಮಗು ಬಂದು ಹೇಳಿದಾಗ ಮಾಡಬೇಕಾದದ್ದೇನು? ಮೊದಲು ಹಣ ಕಳುಹಿಸುವುದನ್ನು ನಿಲ್ಲಿಸಬೇಕು. ಸಿಟ್ಟಿನಲ್ಲಿ ಸಂದೇಶಗಳನ್ನು ಅಳಿಸಬಾರದು, ಅವೇ ಸಾಕ್ಷ್ಯ. ಸ್ಕ್ರೀನ್‌ಶಾಟ್ ತೆಗೆದು, ಖಾತೆಯ ಹೆಸರು, ಸಂಖ್ಯೆ, ಹಣ ಹೋದ ವಿವರ ಬರೆದಿಟ್ಟುಕೊಂಡು, ಬಳಿಕ ಬ್ಲಾಕ್ ಮಾಡಬೇಕು. ಹಣ ಹೋಗಿದ್ದರೆ ಒಡನೆಯೇ 1930 ಸಂಖ್ಯೆಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟು ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಕೇಂದ್ರ ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳನ್ನು ಹೆಸರು ಹೇಳದೆಯೂ ದಾಖಲಿಸಲು ಅವಕಾಶವಿದೆ. ಮಕ್ಕಳ ಸಹಾಯವಾಣಿ 1098. ಹದಿನೆಂಟರೊಳಗಿನವರ ಚಿತ್ರಗಳು ಹರಡದಂತೆ ತಡೆಯಲು ಅಮೆರಿಕದ ಸಂಸ್ಥೆಯೊಂದು ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯನ್ನು ಇಲ್ಲಿಂದಲೂ ಬಳಸಬಹುದು. ಅಲ್ಲಿ ಚಿತ್ರವನ್ನು ಯಾರಿಗೂ ಕಳುಹಿಸಬೇಕಾಗಿಲ್ಲ. ಚಿತ್ರದ ಒಂದು ಅಂಕಿಗುರುತನ್ನು ನಮ್ಮ ಮೊಬೈಲಿನಲ್ಲಿಯೇ ಸಿದ್ಧಪಡಿಸಿ, ಆ ಗುರುತನ್ನು ಮಾತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಸಂಸ್ಥೆಗಳಿಗೆ ಒದಗಿಸಲಾಗುತ್ತದೆ.

ಪೊಲೀಸು ಠಾಣೆಯ ಹೆಸರೆತ್ತಿದರೆ ಹಿಂಜರಿಯುವವರು 2012ರ ಪೋಕ್ಸೊ ಕಾಯಿದೆಯನ್ನು ತಿಳಿಯಬೇಕು. ಅದರಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಅಥವಾ ಮಗು ಇಚ್ಛಿಸಿದ ಸ್ಥಳದಲ್ಲಿ ಪಡೆಯಬೇಕು, ಆ ವೇಳೆ ಅಧಿಕಾರಿ ಸಮವಸ್ತ್ರದಲ್ಲಿರಬಾರದು, ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿರಿಸಿಕೊಳ್ಳುವಂತಿಲ್ಲ, ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ಮುಚ್ಚಿಡುವುದು ಅದೇ ಕಾಯಿದೆಯಂತೆ ಶಿಕ್ಷಾರ್ಹ. ಯುವಸಂಘಗಳ ಸಚೇತಕರಿಗೂ ಧರ್ಮೋಪದೇಶದ ಶಿಕ್ಷಕರಿಗೂ ಇದು ಅನ್ವಯಿಸುತ್ತದೆ. ಮನೆತನದ ಮಾನ ಉಳಿಸುವ ಹೆಸರಿನಲ್ಲಿ ವಿಷಯವನ್ನು ಹೂತುಹಾಕುವ ನಮ್ಮ ಹಳೆಯ ಪದ್ಧತಿಗೆ ಇಲ್ಲಿ ಎಡೆಯಿಲ್ಲ.

ಗಂಡುಮಕ್ಕಳ ಹೆತ್ತವರಿಗೆ ಇನ್ನೊಂದು ಮಾತು. ಹೆಣ್ಣುಮಕ್ಕಳಿಗೆ ಎಚ್ಚರ ಹೇಳಿದರೆ ನಮ್ಮ ಕೆಲಸ ಮುಗಿಯಿತೆಂದು ಭಾವಿಸುವ ರೂಢಿ ನಮ್ಮಲ್ಲಿದೆ. ಸಹಪಾಠಿಯ ಅಂಥ ಚಿತ್ರವೊಂದು ಗುಂಪಿಗೆ ಬಂದಾಗ ಅದನ್ನು ನಕ್ಕು ಮುಂದಕ್ಕೆ ಕಳುಹಿಸುವ ಹುಡುಗನೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿ ಅಪರಾಧಿಯಾಗಬಲ್ಲ. ಅಂಥ ಚಿತ್ರವನ್ನು ಅಳಿಸದೆ, ವರದಿ ಮಾಡದೆ ಮೊಬೈಲಿನಲ್ಲಿ ಇರಿಸಿಕೊಳ್ಳುವುದೂ ಅಪರಾಧವಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಕಾನೂನಿನ ಭಯ ಹಾಗಿರಲಿ. ಆ ಚಿತ್ರದಲ್ಲಿರುವವಳು ಯಾರದೋ ಮನೆಯಲ್ಲಿ ರಾತ್ರಿಯೆಲ್ಲ ಅಳುತ್ತಿದ್ದಾಳೆಂಬುದನ್ನು ಮಗನಿಗೆ ಹೇಳಬೇಕಾದದ್ದು ತಂದೆಯ ಕೆಲಸ, ತಾಯಿಯದಷ್ಟೇ ಅಲ್ಲ.

ತಂದೆ ಎಂದಾಗ ನಮ್ಮ ಕರಾವಳಿಯ ಮನೆಗಳ ಒಂದು ವಿಶೇಷ ನೆನಪಾಗುತ್ತದೆ. ದುಬೈ, ಕುವೈತ್, ದೋಹಾಗಳಲ್ಲಿ ದುಡಿಯುವ ತಂದೆಗೆ ಮಕ್ಕಳ ಮುಖ ಕಾಣಿಸುವುದು ಇದೇ ಮೊಬೈಲಿನಲ್ಲಿ. ವಾರಕ್ಕೊಮ್ಮೆ ಬರುವ ಪತ್ರಕ್ಕಾಗಿ, ತಿಂಗಳಿಗೊಮ್ಮೆ ಎಸ್‌ಟಿಡಿ ಬೂತಿನಲ್ಲಿ ಕೇಳುವ ಎರಡು ನಿಮಿಷದ ದನಿಗಾಗಿ ಕಾದವರು ಈ ವರದ ಬೆಲೆ ಬಲ್ಲರು. ಆದ್ದರಿಂದ ಮೊಬೈಲನ್ನು ಸೈತಾನನ ಪೆಟ್ಟಿಗೆಯೆಂದು ಪೀಠದಿಂದ ಗುಡುಗುವವರ ಮಾತು ನಮಗೆ ಒಪ್ಪಿಗೆಯಾಗದು. ಮಂಡಿನೋವಿನಿಂದ ಇಗರ್ಜಿಗೆ ಹೋಗಲಾರದ ನಮ್ಮ ಅಜ್ಜಿಯರು ಬಲಿಪೂಜೆಯನ್ನು ಅದರಲ್ಲಿಯೇ ನೋಡುತ್ತಾರೆ. ಆದರೆ ಆ ದೂರದ ಕರೆ ಹೇಗೆ ಕಳೆಯುತ್ತದೆ ನೋಡಿ. ಅಂಕ ಎಷ್ಟು, ಊಟ ಆಯಿತೇ, ಅಮ್ಮನಿಗೆ ಕೊಡು, ಇಷ್ಟರಲ್ಲಿ ಮುಗಿಯುತ್ತದೆ. ರಜೆಯಲ್ಲಿ ಬಂದವರು ದುಬಾರಿ ಮೊಬೈಲನ್ನು ಉಡುಗೊರೆಯಾಗಿ ಕೊಟ್ಟು ಹೋಗುತ್ತಾರೆ, ಅದನ್ನು ಬಳಸುವ ವಿವೇಕವನ್ನು ಕಲಿಸಲು ರಜೆ ಸಾಲುವುದಿಲ್ಲ. ಎಲ್ಲ ಭಾರವೂ ತಾಯಿಯ ಮೇಲೆ. ಮೊಬೈಲಿನ ವಿಷಯದಲ್ಲಿ ಮಗ ಆಕೆಗಿಂತ ಹತ್ತು ಹೆಜ್ಜೆ ಮುಂದಿರುತ್ತಾನೆ.

ಆದರೂ ತಾಯಿ ತಂತ್ರಜ್ಞೆಯಾಗಬೇಕಾಗಿಲ್ಲ. ರಾತ್ರಿ ಮನೆಯ ಎಲ್ಲ ಮೊಬೈಲುಗಳೂ ಹಜಾರದಲ್ಲಿ, ಅಲ್ತಾರಿನ ಪಕ್ಕದ ಮೇಜಿನ ಮೇಲೆ ಚಾರ್ಜಿಗೆ ಇರಬೇಕೆಂಬ ಒಂದೇ ನಿಯಮ ಮಾಡಿದರೂ ಅಪಾಯದ ದೊಡ್ಡ ಪಾಲು ತಪ್ಪುತ್ತದೆ. ಎಲ್ಲ ಎಂದರೆ ಹೆತ್ತವರದೂ ಸೇರಿ. ಈ ಲೇಖಕನ ಮನೆಯಲ್ಲಿ ನಿಯಮ ಮೊದಲು ಮಕ್ಕಳಿಗೆ ಮಾತ್ರವಿತ್ತು. ತೇರ್ಸಿನ ನಡುವೆ, ಮೂರನೆಯ ರಹಸ್ಯದ ಹೊತ್ತಿಗೆ, ಜೇಬಿನಲ್ಲಿ ಮಿಡುಕಿದ ಮೊಬೈಲನ್ನು ಮೆಲ್ಲನೆ ತೆಗೆದು ನೋಡಿದಾಗ ಒಂಬತ್ತನೆಯ ತರಗತಿಯ ಮಗಳು "ಪಪ್ಪಾ, ನಿಮ್ಮದು ಆಫೀಸಿನದಲ್ಲವೇ, ಪರವಾಗಿಲ್ಲ" ಎಂದಳು. ಅದು ಆಫೀಸಿನದಾಗಿರಲಿಲ್ಲ, ಯಾರೋ ಕಳುಹಿಸಿದ ಹಾಸ್ಯದ ತುಣುಕು. ಅಂದಿನಿಂದ ಮೇಜಿನ ಮೇಲೆ ಇನ್ನೊಂದು ಚಾರ್ಜರ್ ಬಂದಿದೆ.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೊರವರು ಸಂತರೆಂದು ಘೋಷಿಸಿದ ಕಾರ್ಲೊ ಅಕುತಿಸ್‌ರ ಭಾವಚಿತ್ರ ಈಗ ನಮ್ಮ ಅನೇಕ ಇಗರ್ಜಿಗಳಲ್ಲಿದೆ. 1991ರಲ್ಲಿ ಹುಟ್ಟಿ 2006ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಈ ಬಾಲಕ ಪರಮಪ್ರಸಾದದ ಅದ್ಭುತಗಳ ಮಾಹಿತಿಯನ್ನು ಗಣಕಯಂತ್ರದ ನೆರವಿನಿಂದ ಸಂಗ್ರಹಿಸಿಟ್ಟ. ವಿಡಿಯೊ ಆಟಗಳಿಗೆ ವಾರಕ್ಕೆ ಒಂದು ಗಂಟೆಯ ಮಿತಿ ಹಾಕಿಕೊಂಡಿದ್ದನೆಂದು ಆತನ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಹಾಕಿಕೊಂಡಿದ್ದ ಎಂಬ ಪದವನ್ನು ಗಮನಿಸಬೇಕು. ಕಾರ್ಲೊನನ್ನು ನೋಡು ಎಂದು ಮಕ್ಕಳ ತಲೆಗೆ ಕುಟ್ಟುವುದರಿಂದ ಸಂತನ ಮೇಲೆ ಅವರಿಗೆ ಬೇಸರ ಹುಟ್ಟೀತೇ ಹೊರತು ಸಂಯಮ ಹುಟ್ಟದು.

ಮೊಬೈಲನ್ನು ಕಸಿದುಕೊಳ್ಳುವುದು, ಕದ್ದು ಸಂದೇಶ ಓದುವುದು, ಇವುಗಳ ಬಗ್ಗೆಯೂ ಸ್ವಲ್ಪ ಯೋಚಿಸಬೇಕು. ಹನ್ನೆರಡರ ಮಗುವಿನ ಮೊಬೈಲನ್ನು ನೋಡುವ ಹಕ್ಕು ಹೆತ್ತವರಿಗಿದೆ. ಆದರೆ ನೋಡುತ್ತೇವೆಂದು ಮೊದಲೇ ಹೇಳಿ ನೋಡಬೇಕು. ಹದಿನಾರರವನಿಗೆ ಅಷ್ಟೇ ಬಿಗಿ ಹಾಕಿದರೆ ಆತ ಎರಡನೆಯ ಖಾತೆ ತೆರೆಯುತ್ತಾನೆ, ಅದು ನಮಗೆ ಎಂದೂ ಕಾಣಸಿಗದು. ಹೇಳಿದರೆ ಮೊಬೈಲು ಹೋಗುತ್ತದೆಂದು ಗೊತ್ತಿರುವ ಮಗು ಹೇಳುವುದೇ ಇಲ್ಲ. ಆದ್ದರಿಂದ ಅನಾಹುತ ಆಗುವ ಮೊದಲೇ, ಏನೂ ಆಗದಿರುವ ಒಂದು ಸಾಮಾನ್ಯ ದಿನ, ಹೆತ್ತವರು ಬಾಯಿಬಿಟ್ಟು ಒಂದು ಭಾಷೆ ಕೊಡಬೇಕು: ಏನೇ ಆಗಿದ್ದರೂ, ನೀನು ಏನೇ ಕಳುಹಿಸಿದ್ದರೂ, ಮೊದಲು ನಮ್ಮಲ್ಲಿ ಹೇಳು, ಆ ರಾತ್ರಿ ಹೊಡೆತವಿಲ್ಲ, ಬೈಗುಳವಿಲ್ಲ, ಮೊಬೈಲು ಕಸಿಯುವುದಿಲ್ಲ. ಕೊಟ್ಟ ಭಾಷೆಯನ್ನು ಉಳಿಸಿಕೊಳ್ಳುವುದು ಕಷ್ಟ. ದೇವಾಲಯದಲ್ಲಿ ಮಗನನ್ನು ಕಂಡಾಗ ಮಾತೆ ಮರಿಯಮ್ಮನವರು ತಮ್ಮ ವೇದನೆಯನ್ನು ಮರೆಮಾಚಲಿಲ್ಲ, ಹೀಗೇಕೆ ಮಾಡಿದೆಯೆಂದು ಕೇಳಿದರು. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಲೂಕ ಸ್ಪಷ್ಟವಾಗಿ ಬರೆದಿದ್ದಾನೆ. ಅರ್ಥವಾಗದಿದ್ದರೂ ಮೂವರೂ ಒಟ್ಟಿಗೆ ನಜರೇತಿಗೆ ಮರಳಿದರು.

ಇಂಥ ಭಾಷೆ ಕೊಡಲು ಹೊತ್ತು ಹುಡುಕಬೇಕಾಗಿಲ್ಲ. ತೇರ್ಸ್ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಜೋಡಿಸಿ ಬೆಸಾಂವ್ ಬೇಡುವ ಸಂಪ್ರದಾಯ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಹದಿಹರೆಯದ ಮಗ ದಿನದಲ್ಲಿ ತಂದೆತಾಯಿಯ ಇಷ್ಟು ಸಮೀಪ ಬರುವುದು ಬಹುಶಃ ಆ ಒಂದು ಗಳಿಗೆಯಲ್ಲಿ ಮಾತ್ರ. ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಕಳುಹಿಸುವ ಬದಲು ಹತ್ತು ನಿಮಿಷ ಕೂರಿಸಿಕೊಂಡು, ಇವತ್ತು ಏನು ನೋಡಿದೆ, ಯಾವುದು ನಗು ತರಿಸಿತು, ಯಾವುದು ಹೆದರಿಸಿತು ಎಂದು ಕೇಳಬಹುದು. ಮೊದಲ ವಾರ ಮಗ ಏನೂ ಹೇಳಲಾರ. ಪುಟ್ಟ ತಂಗಿ ಮಾತ್ರ ಬಡಬಡನೆ ಎಲ್ಲವನ್ನೂ ಹೇಳಿಯಾಳು.

ಧರ್ಮಕೇಂದ್ರಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ದೃಢೀಕರಣ ಸಂಸ್ಕಾರದ ಸಿದ್ಧತೆಗೆ ಮಕ್ಕಳು ಬರುವ ವಾರಗಳಲ್ಲಿ ಹೆತ್ತವರನ್ನೂ ಒಂದು ಭಾನುವಾರ ಬಲಿಪೂಜೆಯ ಬಳಿಕ ಕರೆದು, ಹತ್ತಿರದ ಸೈಬರ್ ಠಾಣೆಯ ಅಧಿಕಾರಿಯೊಬ್ಬರಿಂದ ವಿಷಯ ತಿಳಿಸಬಹುದು. ಆ ಹೊತ್ತಿನಲ್ಲಿ ಮೊಬೈಲು ಬಲ್ಲ ಯುವಸಂಘದ ಸದಸ್ಯರು ಪ್ರತಿಯೊಬ್ಬ ತಾಯಿಯ ಪಕ್ಕದಲ್ಲಿ ಕುಳಿತು ಮಕ್ಕಳ ಖಾತೆಗಳಲ್ಲಿ ನಿಜವಾದ ಜನ್ಮವರ್ಷ ಹಾಕಿಸಿಕೊಡಲಿ. ವಾಳೆಯ ಗುರ್ಕಾರರು ಈ ಮಾತನ್ನು ಮನೆಮನೆಗೆ ಒಯ್ಯಲಿ. ಇಗರ್ಜಿಯ ಸೂಚನಾಫಲಕದಲ್ಲಿ ಮದುವೆಯ ಪ್ರಕಟಣೆಗಳ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿ 1930 ಮತ್ತು 1098 ಎಂಬ ಎರಡು ಸಂಖ್ಯೆಗಳನ್ನು, ಓದಲು ಬರುವಷ್ಟು ದೊಡ್ಡ ಅಕ್ಷರಗಳಲ್ಲಿ, ಬರುವ ಭಾನುವಾರವೇ ಬರೆಸಬಹುದು.